ಸುದ್ದಿಗೆ ವಿದೇಶಿ ದುಡ್ಡು: ಲೆಕ್ಕ ಯಾರ ಮುಂದೆ?

‘ವಾಷಿಂಗ್ಟನ್ ಪೋಸ್ಟ್’, ‘ವಾಲ್ ಸ್ಟ್ರೀಟ್ ಜರ್ನಲ್’ ತರಿಸುತ್ತಿದ್ದವರ ಮನೆಗೆ ಕೆಲವು ವರ್ಷಗಳ ಹಿಂದಿನವರೆಗೂ ಆಗಾಗ ‘ಚೈನಾ ವಾಚ್’ ಎಂಬ ಪುರವಣಿ ಬಂದು ಬೀಳುತ್ತಿತ್ತು. ಚೀನಾದ ವ್ಯಾಪಾರ, ಸಂಸ್ಕೃತಿ, ಪ್ರವಾಸ ಇತ್ಯಾದಿಗಳ ಬಗ್ಗೆ ಹಿತವಾದ ಬರಹಗಳು. ನೋಡಲು ಪತ್ರಿಕೆಯದೇ ಪುಟ ಅನ್ನಿಸುವ ವಿನ್ಯಾಸ. ಇದು ‘ಚೈನಾ ಡೈಲಿ’ ದುಡ್ಡು ಕೊಟ್ಟು ಹಾಕಿಸಿದ್ದು ಎಂಬ ಒಂದು ಸಾಲೂ ಇರುತ್ತಿತ್ತು, ಕಣ್ಣಿಟ್ಟು ಹುಡುಕಿದರೆ. ‘ಚೈನಾ ಡೈಲಿ’ ಎಂದರೆ ಚೀನಾದ ಕಮ್ಯುನಿಸ್ಟ್ ಪಕ್ಷದ ಪ್ರಚಾರ ವಿಭಾಗದ ಕೈಯಲ್ಲಿರುವ ಇಂಗ್ಲಿಷ್ ದಿನಪತ್ರಿಕೆ.

ಈ ಪುರವಣಿಗೆ ಎಷ್ಟು ಕೊಟ್ಟರು? 2016ರ ನವೆಂಬರ್‌ನಿಂದ 2020ರ ಏಪ್ರಿಲ್‌ವರೆಗೆ ‘ವಾಲ್ ಸ್ಟ್ರೀಟ್ ಜರ್ನಲ್’ಗೆ ಹತ್ತಿರ ಹತ್ತಿರ 60 ಲಕ್ಷ ಡಾಲರ್, ‘ವಾಷಿಂಗ್ಟನ್ ಪೋಸ್ಟ್’ಗೆ 46 ಲಕ್ಷ ಡಾಲರ್‌ಗೂ ಹೆಚ್ಚು. ಇದನ್ನು ಯಾರೂ ಕದ್ದು ಹೊರತಂದದ್ದಲ್ಲ. ದುಡ್ಡು ತೆಗೆದುಕೊಂಡ ಪತ್ರಿಕೆಗಳು ಹೇಳಿದ್ದೂ ಅಲ್ಲ. ‘ಚೈನಾ ಡೈಲಿ’ಯೇ ಅಮೆರಿಕದ ನ್ಯಾಯ ಇಲಾಖೆಗೆ ಬರೆದು, ಸಹಿ ಹಾಕಿ ಒಪ್ಪಿಸಿದ ಲೆಕ್ಕ ಇದು. ಆ ಕಡತ ಇಲಾಖೆಯ ಜಾಲತಾಣದಲ್ಲಿದೆ. ಧಾರವಾಡದಲ್ಲಿ ಕೂತು ಬೇಕಾದರೂ ತೆರೆದು ಓದಬಹುದು.

ಹೀಗೆ ಬರೆದುಕೊಡಲೇಬೇಕೆಂದು ವಿಧಿಸುವುದು ‘ವಿದೇಶಿ ಏಜೆಂಟರ ನೋಂದಣಿ ಕಾಯ್ದೆ’. ಅಲ್ಲಿನವರ ಬಾಯಲ್ಲಿ ‘ಫಾರಾ’. 1938ರ ಕಾನೂನು. ಹಿಟ್ಲರ್ ಅಧಿಕಾರಕ್ಕೆ ಬಂದ ಹೊಸದರಲ್ಲಿ ಜರ್ಮನಿಯ ದೊಡ್ಡ ಕಂಪನಿಗಳು ಅಮೆರಿಕದ ಪ್ರಚಾರ ಪಂಡಿತರನ್ನು ಬಾಡಿಗೆಗೆ ಹಿಡಿದಿದ್ದವು. ಪಬ್ಲಿಕ್ ರಿಲೇಷನ್ಸ್ ಎಂಬ ಕಸುಬನ್ನು ಕಟ್ಟಿದವರಲ್ಲಿ ಒಬ್ಬನಾದ ಐವಿ ಲೀ, ಐ.ಜಿ. ಫಾರ್ಬೆನ್ ಎಂಬ ರಾಸಾಯನಿಕ ಕಂಪನಿಗೆ ಸಲಹೆ ಕೊಡುತ್ತಿದ್ದ ಸಂಗತಿ 1934ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ವಿಚಾರಣೆಯಲ್ಲಿ ಹೊರಬಿತ್ತು. ಇಂಥವರ ಬಾಯಿ ಮುಚ್ಚಿಸಬೇಕೋ ಬೇಡವೋ ಎಂದು ಚರ್ಚಿಸಿ ಕೊನೆಗೆ ಒಂದು ನಡುದಾರಿ ಹಿಡಿದರು: ಮಾತಾಡಲಿ, ಆದರೆ ಯಾರ ಪರವಾಗಿ, ಎಷ್ಟು ದುಡ್ಡಿಗೆ ಎಂಬುದನ್ನು ಬರೆದುಕೊಟ್ಟು ಮಾತಾಡಲಿ.

ಕೆಲಸ ನಡೆಯುವ ರೀತಿ ಹೀಗೆ. ವಿದೇಶಿ ಸರ್ಕಾರ, ಪಕ್ಷ, ಕಂಪನಿ ಅಥವಾ ವ್ಯಕ್ತಿಯ ಪರವಾಗಿ ಅಮೆರಿಕದಲ್ಲಿ ರಾಜಕೀಯ ಚಟುವಟಿಕೆಯನ್ನೋ ಪ್ರಚಾರವನ್ನೋ ಮಾಡಲು ಒಪ್ಪಿಕೊಂಡವರು 10 ದಿನಗಳೊಳಗೆ ನ್ಯಾಯ ಇಲಾಖೆಯಲ್ಲಿ ನೋಂದಾಯಿಸಬೇಕು. ಅರ್ಜಿಯ ಜೊತೆಗೆ ಎರಡು ಅನುಬಂಧ: ಧಣಿ ಯಾರು, ಅವನ ಹಿಂದೆ ಯಾವ ಸರ್ಕಾರವಿದೆ ಎಂಬುದು ಒಂದರಲ್ಲಿ, ಅವನೊಡನೆ ಆಗಿರುವ ಕರಾರು ಇನ್ನೊಂದರಲ್ಲಿ. ಆಮೇಲೆ ಆರು ತಿಂಗಳಿಗೊಮ್ಮೆ ಪೂರಕ ವರದಿ. ಅದರಲ್ಲಿ ಬಂದ ಹಣ, ಬಂದ ದಿನ, ಖರ್ಚಾದ ಹಣ, ಯಾರಿಗೆ ಹೋಯಿತು ಎಲ್ಲ ಬರೆಯಬೇಕು. ‘ಚೈನಾ ವಾಚ್’ನ ಲೆಕ್ಕ ಸಿಕ್ಕಿದ್ದು ಈ ಆರು ತಿಂಗಳ ವರದಿಗಳಲ್ಲೇ. ಜನರಿಗೆ ಹಂಚುವ ಪ್ರಚಾರ ಸಾಮಗ್ರಿಯ ಪ್ರತಿಯನ್ನು 48 ಗಂಟೆಗಳೊಳಗೆ ಇಲಾಖೆಗೆ ಕಳಿಸಬೇಕು. ಇಂಥವರ ಪರವಾಗಿ ಇಂಥವರು ಹಂಚುತ್ತಿದ್ದಾರೆ, ಹೆಚ್ಚಿನ ವಿವರ ನ್ಯಾಯ ಇಲಾಖೆಯಲ್ಲಿದೆ ಎಂಬ ಸಾಲು ಅದರ ಮೇಲೆ ಎದ್ದು ಕಾಣುವಂತೆ ಇರಬೇಕು. ಬೇಕೆಂದೇ ತಪ್ಪಿಸಿದರೆ 5 ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ.

ಹಾಗಾದರೆ ವಿದೇಶಿ ದುಡ್ಡು ಪಡೆದ ಸುದ್ದಿಸಂಸ್ಥೆಗಳೆಲ್ಲ ‘ಏಜೆಂಟ’ರೇ? ಅಲ್ಲ. ಫಾರಾದ ಜೀವಾಳ ಇರುವುದೇ ಇಲ್ಲಿ, ಮುಂದೆ ಬೇರೆ ದೇಶಗಳು ಕೈಬಿಟ್ಟದ್ದೂ ಇದನ್ನೇ. ಕಾಯ್ದೆ ದುಡ್ಡನ್ನಷ್ಟೇ ನೋಡುವುದಿಲ್ಲ, ಅಂಕುಶ ಯಾರ ಕೈಯಲ್ಲಿದೆ ಎಂದು ನೋಡುತ್ತದೆ. ಶೇ 80ರಷ್ಟು ಒಡೆತನ ಅಮೆರಿಕನ್ನರದ್ದಾಗಿದ್ದು, ವಿದೇಶಿ ಧಣಿಯ ನಿರ್ದೇಶನದಲ್ಲಿ ನಡೆಯದ ಪತ್ರಿಕೆ, ಸುದ್ದಿಸಂಸ್ಥೆಗಳಿಗೆ ವಿನಾಯಿತಿ ಇದೆ.

ಅಂಕುಶವನ್ನು ಹೇಗೆ ಕಂಡುಹಿಡಿಯುತ್ತಾರೆ ಎಂಬುದಕ್ಕೆ ಫ್ಲಾರಿಡಾದ ‘ಆರ್‌ಎಂ ಬ್ರಾಡ್‌ಕಾಸ್ಟಿಂಗ್’ ಎಂಬ ಪುಟ್ಟ ಕಂಪನಿಯ ಕತೆ ನೋಡಿ. ವಾಷಿಂಗ್ಟನ್ ಸುತ್ತಮುತ್ತ ಕೇಳಿಸುವ 1390 ಎಎಂ ರೇಡಿಯೊದಲ್ಲಿ ಅದು ಸಮಯ ಕೊಂಡು, ರಷ್ಯಾ ಸರ್ಕಾರದ ಸುದ್ದಿಸಂಸ್ಥೆಗೆ ಮಾರುತ್ತಿತ್ತು. ಅದರಲ್ಲಿ ‘ಸ್ಪುಟ್ನಿಕ್’ ಕಾರ್ಯಕ್ರಮಗಳು ಬಿತ್ತರವಾಗುತ್ತಿದ್ದವು. ನೋಂದಾಯಿಸಿ ಎಂದು ಇಲಾಖೆ ಹೇಳಿದಾಗ ಕಂಪನಿ ಒಪ್ಪಲಿಲ್ಲ: ನಾವು ಸಮಯದ ವ್ಯಾಪಾರಿಗಳು, ಕೊಂಡೆವು, ಮಾರಿದೆವು, ಒಳಗಿನ ಮಾತು ನಮ್ಮದಲ್ಲ. ನ್ಯಾಯಾಲಯ ಕರಾರುಪತ್ರ ತರಿಸಿ ಓದಿತು. ಕಾರ್ಯಕ್ರಮವನ್ನು ಒಂದಿಷ್ಟೂ ಬದಲಿಸದೆ ಬಿತ್ತರಿಸಬೇಕೆಂಬ ಷರತ್ತು ಅದರಲ್ಲಿತ್ತು. ಇನ್ನೊಬ್ಬರು ಕೊಟ್ಟದ್ದನ್ನು ಮುಟ್ಟದೆ ತಲುಪಿಸುವುದೇ ಏಜೆಂಟನ ಕೆಲಸ, ನೋಂದಾಯಿಸಿ ಎಂದು 2019ರ ಮೇ ತಿಂಗಳಲ್ಲಿ ತೀರ್ಪಾಯಿತು. ಅದಕ್ಕೂ ಮೊದಲು, 2017ರ ನವೆಂಬರ್‌ನಲ್ಲಿ, ರಷ್ಯಾದ ‘ಆರ್‌ಟಿ ಅಮೆರಿಕ’ ವಾಹಿನಿಯ ಕಾರ್ಯಕ್ರಮ ತಯಾರಿಸುತ್ತಿದ್ದ ಕಂಪನಿ ಒಲ್ಲದ ಮನಸ್ಸಿನಿಂದ ನೋಂದಾಯಿಸಿಕೊಂಡಿತ್ತು. 2020ರಲ್ಲಿ ಟರ್ಕಿಯ ‘ಟಿಆರ್‌ಟಿ’, 2021ರಲ್ಲಿ ಚೀನಾದ ‘ಶಿನ್‌ಹುವಾ’ ಆ ಪಟ್ಟಿಗೆ ಸೇರಿದವು.

ಚೀಟಿ ಅಂಟಿಸುವುದರಲ್ಲೂ ಒಂದು ಪೇಚಿದೆ. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ತಯಾರಿಸಿದ ‘ಇಫ್ ಯು ಲವ್ ದಿಸ್ ಪ್ಲಾನೆಟ್’ ಅಣುಯುದ್ಧದ ಭೀಕರತೆ ಕುರಿತ ಸಾಕ್ಷ್ಯಚಿತ್ರ. ಆಸ್ಕರ್ ಕೂಡ ಗೆದ್ದಿತು. ಫಿಲ್ಮ್ ಬೋರ್ಡ್ ಕೆನಡಾ ಸರ್ಕಾರದ್ದಾದ್ದರಿಂದ ಫಾರಾ ಅಡಿಯಲ್ಲಿ ಅದು, ಆಮ್ಲಮಳೆಯ ಬಗೆಗಿನ ಇನ್ನೆರಡು ಚಿತ್ರಗಳ ಜೊತೆಗೆ, ‘ರಾಜಕೀಯ ಪ್ರಚಾರ’ ಎಂಬ ವರ್ಗಕ್ಕೆ ಬಿತ್ತು. ಈ ಚಿತ್ರಗಳನ್ನು ತೋರಿಸಬೇಕೆಂದಿದ್ದ ಕ್ಯಾಲಿಫೋರ್ನಿಯಾದ ಶಾಸಕ ಬ್ಯಾರಿ ಕೀನ್, ಈ ಹಣೆಪಟ್ಟಿಯಿಂದ ತನ್ನ ಹೆಸರಿಗೂ ಮಸಿ ಎಂದು ಕೋರ್ಟಿಗೆ ಹೋದರು. 1987ರಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆ ಆ ಪದವನ್ನು ಬೈಗುಳವಾಗಿ ಬಳಸಿಲ್ಲ, ಯಾರ ಬಾಯಿಯನ್ನೂ ಕಟ್ಟಿಲ್ಲ ಎಂದು ಸರ್ಕಾರದ ಪರ ನಿಂತಿತು. ಎಂಟು ನ್ಯಾಯಮೂರ್ತಿಗಳಲ್ಲಿ ಮೂವರು ಒಪ್ಪಲಿಲ್ಲ. ಕಾನೂನಿನ ಪುಸ್ತಕದಲ್ಲಿ ತಟಸ್ಥವಾದದ್ದು ಜನರ ಕಿವಿಗೂ ತಟಸ್ಥವಾಗಿರುತ್ತದೆಯೇ? ನನ್ನ ಓಟು ಆ ಮೂವರಿಗೆ. ಸಂಸತ್ತಿಗೂ ಅಳುಕಿತ್ತೇನೋ, 1995ರಲ್ಲಿ ಆ ಪದವನ್ನು ತೆಗೆದು ‘ಮಾಹಿತಿ ಸಾಮಗ್ರಿ’ ಎಂದು ಬರೆಯಿತು.

ರೇಡಿಯೊ, ಟಿ.ವಿ.ಗೆ ಇನ್ನೊಂದು ನಿಯಮವೂ ಇದೆ. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, ವಿದೇಶಿ ಸರ್ಕಾರಕ್ಕೆ ಸೇರಿದವರು ಬಾಡಿಗೆಗೆ ಹಿಡಿದ ಸಮಯದಲ್ಲಿ ಇಂಥ ದೇಶದ ಇಂಥವರು ಹಣ ಕೊಟ್ಟ ಕಾರ್ಯಕ್ರಮ ಎಂದು ಗಾಳಿಯಲ್ಲೇ ಹೇಳಬೇಕೆಂದು ವಿಧಿಸಿತು. ಕೇಳುಗರ ಮಟ್ಟಿಗೆ ಫಾರಾಕ್ಕಿಂತ ಇದೇ ವಾಸಿ. ಇಲಾಖೆಯ ಕಡತ ತೆರೆಯುವವರು ನೂರಕ್ಕೆ ಒಬ್ಬರೂ ಇರಲಾರರು. ಹಾಡಿನ ನಡುವೆ ಬಂದ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಬಾಡಿಗೆದಾರರ ಹೆಸರನ್ನು ರೇಡಿಯೊ ಕೇಂದ್ರಗಳೇ ಸರ್ಕಾರಿ ದಾಖಲೆಗಳಲ್ಲಿ ಹುಡುಕಿ ನೋಡಬೇಕೆಂಬ ಭಾಗವನ್ನು ಮಾತ್ರ ನ್ಯಾಯಾಲಯ 2022ರಲ್ಲಿ ಹೊಡೆದುಹಾಕಿತು.

ಇಷ್ಟೆಲ್ಲ ಇದ್ದೂ ತೂತುಗಳಿವೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ‘ಆರ್‌ಟಿ’ಯ ಇಬ್ಬರು ಉದ್ಯೋಗಿಗಳ ಮೇಲೆ ಆರೋಪಪಟ್ಟಿ ಹಾಕಿತು. ಟೆನೆಸಿ ರಾಜ್ಯದ ಒಂದು ಆನ್‌ಲೈನ್ ವಿಡಿಯೊ ಕಂಪನಿಗೆ ಸುಮಾರು ಒಂದು ಕೋಟಿ ಡಾಲರ್ ಗುಟ್ಟಾಗಿ ಹರಿಸಿದರು ಎಂಬುದು ಆರೋಪ. ಆ ಕಂಪನಿಗೆ ವಿಡಿಯೊ ಮಾಡಿಕೊಡುತ್ತಿದ್ದ, ಲಕ್ಷಗಟ್ಟಲೆ ಹಿಂಬಾಲಕರಿದ್ದ ಯೂಟ್ಯೂಬ್ ವ್ಯಾಖ್ಯಾನಕಾರರು ದುಡ್ಡಿನ ಮೂಲ ಕೇಳಿದಾಗ, ಎಡುವಾರ್ಡ್ ಗ್ರಿಗೋರಿಯನ್ ಎಂಬ ಯುರೋಪಿನ ಶ್ರೀಮಂತ ಹೂಡಿಕೆದಾರ ಕೊಡುತ್ತಿದ್ದಾನೆ ಎಂದು ಅವನ ಬಯೊಡೇಟಾ ಕೊಡಲಾಗಿತ್ತಂತೆ. ಅಂಥ ಮನುಷ್ಯನೇ ಇರಲಿಲ್ಲ ಎನ್ನುತ್ತದೆ ಆರೋಪಪಟ್ಟಿ. ನೋಂದಾಯಿಸಿಕೊಂಡವರ ಲೆಕ್ಕ ಸಿಗುತ್ತದೆ. ಮುಚ್ಚಿಡಲೆಂದೇ ಹೊರಟವರದ್ದು ಸಿಗುವುದು ತನಿಖೆಯಲ್ಲಿ ಮಾತ್ರ. 2025ರ ಫೆಬ್ರುವರಿಯಲ್ಲಿ ಆಗಿನ ಹೊಸ ಅಟಾರ್ನಿ ಜನರಲ್ ಪ್ಯಾಮ್ ಬಾಂಡಿ, ಫಾರಾ ಅಡಿಯ ಕ್ರಿಮಿನಲ್ ಮೊಕದ್ದಮೆಗಳು ಗೂಢಚಾರಿಕೆಯನ್ನು ಹೋಲುವ ಪ್ರಕರಣಗಳಿಗಷ್ಟೇ ಸೀಮಿತವಾಗಲಿ ಎಂದು ಸುತ್ತೋಲೆ ಹೊರಡಿಸಿದರು. ಹಲ್ಲು ಸ್ವಲ್ಪ ಮೊಂಡಾಯಿತು.

‘ಆರ್‌ಟಿ’ಯನ್ನು ನೋಂದಾಯಿಸಿದ್ದಕ್ಕೆ ಸೇಡಾಗಿ ರಷ್ಯಾ ಅದೇ ತಿಂಗಳು, 2017ರ ನವೆಂಬರ್‌ನಲ್ಲಿ, ತನ್ನ ‘ವಿದೇಶಿ ಏಜೆಂಟ್’ ಕಾನೂನನ್ನು ಮಾಧ್ಯಮಗಳಿಗೆ ಹಿಗ್ಗಿಸಿತು. ಡಿಸೆಂಬರ್‌ನಲ್ಲಿ ‘ವಾಯ್ಸ್ ಆಫ್ ಅಮೆರಿಕ’, ‘ರೇಡಿಯೊ ಫ್ರೀ ಯುರೋಪ್’ ಸೇರಿ 9 ಸಂಸ್ಥೆಗಳ ಪಟ್ಟಿ ಬಂತು. ಅಮೆರಿಕ ಮಾಡಿದ್ದನ್ನೇ ನಾವೂ ಮಾಡಿದೆವು ಎಂಬುದು ಮಾಸ್ಕೋದ ವಾದ. ಒಳಹೊಕ್ಕು ನೋಡಿದರೆ ಎರಡಕ್ಕೂ ಅಜಗಜಾಂತರ. ರಷ್ಯಾದಲ್ಲಿ ಪಟ್ಟಿಗೆ ಸೇರಿದವರು ಪ್ರತಿ ಬರಹದ ನೆತ್ತಿಯಲ್ಲೂ, ಫೇಸ್‌ಬುಕ್ ಪೋಸ್ಟಿನಲ್ಲೂ, ಬರಹದ ಅಕ್ಷರಕ್ಕಿಂತ ಎರಡು ಪಟ್ಟು ದೊಡ್ಡ ಅಕ್ಷರದಲ್ಲಿ 24 ಪದಗಳ ಘೋಷಣೆ ಹಾಕಬೇಕಾಗಿತ್ತು. ಲಾಟ್ವಿಯಾದ ರೀಗಾದಿಂದ ನಡೆಯುವ ರಷ್ಯನ್ ಸುದ್ದಿತಾಣ ‘ಮೆದುಜಾ’ಕ್ಕೆ 2021ರ ಏಪ್ರಿಲ್‌ನಲ್ಲಿ ಈ ಪಟ್ಟ ಸಿಕ್ಕಿದ್ದೇ ತಡ, ಜಾಹೀರಾತುದಾರರು ಒಬ್ಬೊಬ್ಬರಾಗಿ ಕಳಚಿಕೊಂಡರು. ಓದುಗರ ಚಂದಾದಿಂದ ಉಸಿರಾಡಿತು. 2023ರ ಜನವರಿಯಲ್ಲಿ ಅದನ್ನು ‘ಅನಪೇಕ್ಷಿತ ಸಂಸ್ಥೆ’ ಎಂದು ಘೋಷಿಸಿದ ಮೇಲೆ ರಷ್ಯಾದೊಳಗಿನವರು ಅದಕ್ಕೆ ದುಡ್ಡು ಕೊಡುವುದೇ ಅಪರಾಧವಾಯಿತು. 2020ರ ಕೊನೆಯ ವಾರದಿಂದ ಒಂಟಿ ಪತ್ರಕರ್ತರೂ ಪಟ್ಟಿಗೆ ಬರತೊಡಗಿದರು. 2022ರ ಡಿಸೆಂಬರ್‌ನಿಂದ ಜಾರಿಗೆ ಬಂದ ತಿದ್ದಿದ ಕಾನೂನಿನಲ್ಲಿ ವಿದೇಶಿ ದುಡ್ಡೂ ಬೇಕಿಲ್ಲ, ‘ವಿದೇಶಿ ಪ್ರಭಾವ’ ಇದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ಸಾಕು. ಅಲ್ಲಿಗೆ ಪಾರದರ್ಶಕತೆಯ ಸೋಗೂ ಕಳಚಿತು.

ಜಾರ್ಜಿಯಾ ದೇಶ ಇನ್ನೊಂದು ದಾರಿ ಹಿಡಿಯಿತು. ಆದಾಯದ ಶೇ 20ಕ್ಕಿಂತ ಹೆಚ್ಚು ವಿದೇಶದಿಂದ ಬಂದರೆ ಆ ಮಾಧ್ಯಮವಾಗಲಿ ಸಂಘಸಂಸ್ಥೆಯಾಗಲಿ ‘ವಿದೇಶಿ ಶಕ್ತಿಯ ಹಿತ ಕಾಯುವ ಸಂಸ್ಥೆ’ ಎಂದು ನೋಂದಾಯಿಸಬೇಕು. ಇಲ್ಲದಿದ್ದರೆ 25,000 ಲಾರಿ (ಅಲ್ಲಿನ ನಾಣ್ಯ) ದಂಡ. 2023ರಲ್ಲಿ ಬೀದಿಗಿಳಿದ ಜನರಿಗೆ ಹೆದರಿ ಹಿಂತೆಗೆದುಕೊಂಡ ಮಸೂದೆಯನ್ನೇ 2024ರ ಮೇ 14ರಂದು ಅಂಗೀಕರಿಸಿದರು. ಅಧ್ಯಕ್ಷೆ ಸಲೋಮೆ ಜುರಾಬಿಶ್ವಿಲಿ ವಿಟೊ ಹಾಕಿದರೂ ಮೇ 28ಕ್ಕೆ ಅದನ್ನು ತಳ್ಳಿಹಾಕಿದರು. ಇಲ್ಲಿ ಅಂಕುಶದ ಪ್ರಶ್ನೆಯೇ ಏಳುವುದಿಲ್ಲ. ಭ್ರಷ್ಟಾಚಾರ ಬಯಲಿಗೆಳೆಯಲು ಯುರೋಪಿನ ಅನುದಾನ ಪಡೆದ ಚಿಕ್ಕ ಸುದ್ದಿತಾಣವೂ, ಇನ್ನೊಂದು ದೇಶದ ಸರ್ಕಾರ ಬರೆದುಕೊಟ್ಟದ್ದನ್ನು ಓದುವ ವಾಹಿನಿಯೂ ಒಂದೇ ಪಟ್ಟಿಯಲ್ಲಿ. 2025ರಲ್ಲಿ ಅಮೆರಿಕದ ಫಾರಾವನ್ನೇ ಅನುವಾದಿಸಿದ್ದೇವೆ ಎನ್ನುತ್ತ ಮತ್ತೊಂದು ಕಾಯ್ದೆಯನ್ನೂ ತಂದರು.

ಸದ್ಯಕ್ಕೆ ನನಗೆ ಹದವಾಗಿ ಕಾಣುವುದು ಐರೋಪ್ಯ ಒಕ್ಕೂಟದ ‘ಮಾಧ್ಯಮ ಸ್ವಾತಂತ್ರ್ಯ ಕಾಯ್ದೆ’ಯ 6ನೇ ವಿಧಿ. 2025ರ ಆಗಸ್ಟ್ 8ರಿಂದ ಜಾರಿಯಲ್ಲಿದೆ. ಸುದ್ದಿ ಕೊಡುವ ಪ್ರತಿಯೊಂದು ಸಂಸ್ಥೆ, ಸ್ವದೇಶಿಯೋ ವಿದೇಶಿಯೋ, ತನ್ನ ನೇರ ಮತ್ತು ಪರೋಕ್ಷ ಒಡೆಯರು ಯಾರು, ಸರ್ಕಾರಿ ಜಾಹೀರಾತಿನಿಂದ ವರ್ಷಕ್ಕೆ ಎಷ್ಟು ಬಂತು, ಒಕ್ಕೂಟದ ಹೊರಗಿನ ಸರ್ಕಾರಗಳ ಜಾಹೀರಾತಿನಿಂದ ಎಷ್ಟು ಬಂತು ಎಂಬುದನ್ನು ಓದುಗರಿಗೆ ಸುಲಭವಾಗಿ ಸಿಗುವಂತೆ ಇಡಬೇಕು. ಹಣೆಪಟ್ಟಿ ಇಲ್ಲ, ಲೆಕ್ಕ ಮಾತ್ರ. ಪರದೇಶದ ಸರ್ಕಾರದ ದುಡ್ಡಿನಷ್ಟೇ ಸ್ವಂತ ಸರ್ಕಾರದ ದುಡ್ಡೂ ಓದುಗನಿಗೆ ಗೊತ್ತಿರಬೇಕು ಎಂಬ ಎಚ್ಚರ ಅದರಲ್ಲಿದೆ.

ನಮ್ಮಲ್ಲಿ? ನಮ್ಮ ಕಾನೂನಿಗೆ ಬಹಿರಂಗಪಡಿಸುವುದಕ್ಕಿಂತ ಬಾಗಿಲು ಹಾಕುವುದರಲ್ಲಿ ಹೆಚ್ಚು ನಂಬಿಕೆ. ಬಾಗಿಲು ಎರಡು.

ಮೊದಲನೆಯದು ವಿದೇಶಿ ದೇಣಿಗೆ ಕಾಯ್ದೆ, ಎಫ್‌ಸಿಆರ್‌ಎ. ಹುಟ್ಟಿದ್ದು ತುರ್ತುಪರಿಸ್ಥಿತಿಯಲ್ಲಿ, 1976ರಲ್ಲಿ. ಈಗಿರುವುದು 2010ರ ರೂಪ. ಇದರ 3ನೇ ಸೆಕ್ಷನ್ ವಿದೇಶಿ ದೇಣಿಗೆ ಮುಟ್ಟಲೇಬಾರದವರ ಪಟ್ಟಿ ಕೊಡುತ್ತದೆ. ಚುನಾವಣೆ ಅಭ್ಯರ್ಥಿ, ನ್ಯಾಯಾಧೀಶ, ಸರ್ಕಾರಿ ನೌಕರ, ಶಾಸಕ, ರಾಜಕೀಯ ಪಕ್ಷ. ಇವರ ಸಾಲಿನಲ್ಲೇ ನೋಂದಾಯಿತ ಪತ್ರಿಕೆಯ ವರದಿಗಾರ, ಅಂಕಣಕಾರ, ವ್ಯಂಗ್ಯಚಿತ್ರಕಾರ, ಸಂಪಾದಕ, ಮಾಲೀಕ, ಮುದ್ರಕ, ಪ್ರಕಾಶಕ. 2010ರಲ್ಲಿ ಟಿ.ವಿ., ರೇಡಿಯೊ, ಅಂತರ್ಜಾಲದ ಮೂಲಕ ಸುದ್ದಿ ಬಿತ್ತರಿಸುವ ಕಂಪನಿಗಳೂ ಸೇರಿದವು. ಅಂದರೆ ಶಿವಮೊಗ್ಗದ ಒಂದು ವಾರಪತ್ರಿಕೆಯ ವ್ಯಂಗ್ಯಚಿತ್ರಕಾರನಿಗೂ ಹೈಕೋರ್ಟ್ ನ್ಯಾಯಮೂರ್ತಿಗೂ ಈ ವಿಷಯದಲ್ಲಿ ಒಂದೇ ನಿಯಮ. ಇಷ್ಟೊಂದು ಗೌರವ ವ್ಯಂಗ್ಯಚಿತ್ರಕಾರನಿಗೆ ಇನ್ನೆಲ್ಲೂ ಸಿಗುವುದಿಲ್ಲ.

ಹೊರದೇಶದ ಕನ್ನಡಿಗರು ಇಲ್ಲಿನ ಪತ್ರಿಕೆಗಳಿಗೆ ನೆರವಾಗಲು ಹೊರಟಾಗ ಎಡವುವುದು ಇಲ್ಲೇ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿ ಕನ್ನಡಿಗ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ದುಡ್ಡು ‘ವಿದೇಶಿ ದೇಣಿಗೆ’ ಅಲ್ಲ. ಅದೇ ಬೀದಿಯ ಪಕ್ಕದ ಮನೆಯಲ್ಲಿದ್ದು, ಅಮೆರಿಕದ ಪೌರತ್ವ ಪಡೆದು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇಟ್ಟುಕೊಂಡಿರುವವರು ಕಳಿಸಿದರೆ ಅದು ವಿದೇಶಿ ದೇಣಿಗೆ. ಸುದ್ದಿ ಪತ್ರಿಕೆ ಅದನ್ನು ಪಡೆಯುವಂತಿಲ್ಲ. ಆದರೆ ಇಬ್ಬರೂ ಚಂದಾದಾರರಾಗಬಹುದು. ಕೊಟ್ಟ ಸರಕಿಗೆ, ಮಾಡಿದ ಸೇವೆಗೆ ವ್ಯವಹಾರದ ರೀತಿಯಲ್ಲಿ ಬಂದ ಬೆಲೆ ದೇಣಿಗೆಯಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ವಿದೇಶಿ ಪತ್ರಿಕೆಗೆ ಲೇಖನ ಬರೆದು ಪಡೆದ ಸಂಭಾವನೆಯೂ ಹಾಗೆಯೇ, 4ನೇ ಸೆಕ್ಷನ್ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಚಂದಾ ಸರಿ, ಕಾಣಿಕೆ ಬೇಡ: ಇಷ್ಟು ನೆನಪಿಟ್ಟರೆ ಸಾಕು. ದೊಡ್ಡ ಮೊತ್ತವಾದರೆ ಲೆಕ್ಕಪರಿಶೋಧಕರನ್ನು ಕೇಳಿ.

ಎರಡನೆಯ ಬಾಗಿಲು ಬಂಡವಾಳದ್ದು. 1955ರಲ್ಲಿ ನೆಹರೂ ಸಂಪುಟ ಪತ್ರಿಕೆಗಳಲ್ಲಿ ವಿದೇಶಿ ಒಡೆತನ ಬೇಡವೆಂದು ತೀರ್ಮಾನಿಸಿತ್ತು. 2002ರ ಜೂನ್‌ನಲ್ಲಿ ವಾಜಪೇಯಿ ಸರ್ಕಾರ ಶೇ 26ರವರೆಗೆ ತೆರೆಯಿತು. ಸುದ್ದಿ ವಾಹಿನಿಗಳಿಗೆ 2015ರಿಂದ ಶೇ 49. ಡಿಜಿಟಲ್ ಸುದ್ದಿಗೆ ಮಿತಿಯೇ ಇರಲಿಲ್ಲ. 2019ರ ಆಗಸ್ಟ್‌ನಲ್ಲಿ ಶೇ 26 ಎಂದು ಗೆರೆ ಎಳೆದರು, ಅದೂ ಸರ್ಕಾರದ ಒಪ್ಪಿಗೆ ಪಡೆದೇ. ಹೆಚ್ಚಿದ್ದವರು 2021ರ ಅಕ್ಟೋಬರ್ 15ರೊಳಗೆ ಇಳಿಸಿಕೊಳ್ಳಬೇಕಿತ್ತು. ನಿರ್ದೇಶಕರಲ್ಲಿ ಬಹುಪಾಲು ಮತ್ತು ಮುಖ್ಯ ಕಾರ್ಯನಿರ್ವಾಹಕ ಭಾರತೀಯರೇ ಆಗಿರಬೇಕು.

ಈ ಗೆರೆಯ ಪರಿಣಾಮ ಬೇಗ ಕಂಡಿತು. 2020ರ ನವೆಂಬರ್‌ನಲ್ಲಿ ‘ಹಫ್‌ಪೋಸ್ಟ್ ಇಂಡಿಯಾ’ ಬಾಗಿಲು ಹಾಕಿತು. ಮರುವರ್ಷ ‘ಯಾಹೂ’ದ ಭಾರತೀಯ ಸುದ್ದಿತಾಣಗಳು ನಿಂತವು. ಬಿಬಿಸಿಯ ಭಾರತೀಯ ಕಂಪನಿ ಪೂರಾ ವಿದೇಶಿ ಬಂಡವಾಳದ್ದು. ಹೊಸ ಮಿತಿಗೆ ಹೊಂದಿಕೊಳ್ಳಲು 2024ರ ಏಪ್ರಿಲ್‌ನಲ್ಲಿ ಬಿಬಿಸಿಯ ನಾಲ್ವರು ಮಾಜಿ ಸಿಬ್ಬಂದಿ ‘ಕಲೆಕ್ಟಿವ್ ನ್ಯೂಸ್‌ರೂಮ್’ ಎಂಬ ಭಾರತೀಯ ಕಂಪನಿ ಶುರುಮಾಡಿದರು. ಹಿಂದಿ, ಗುಜರಾತಿ, ಮರಾಠಿ, ಪಂಜಾಬಿ, ತಮಿಳು, ತೆಲುಗು ಸುದ್ದಿ ಈಗ ಅಲ್ಲಿ ತಯಾರಾಗುತ್ತದೆ. ಪಟ್ಟಿಯಲ್ಲಿ ಕನ್ನಡವನ್ನು ಹುಡುಕಬೇಡಿ, ಬಿಬಿಸಿಗೆ ಕನ್ನಡ ಸೇವೆಯೇ ಇಲ್ಲ. ಮಿತಿಗೆ ಇಳಿಯಲು ತಡ ಮಾಡಿದ್ದಕ್ಕೆ ಜಾರಿ ನಿರ್ದೇಶನಾಲಯ 2025ರ ಫೆಬ್ರುವರಿಯಲ್ಲಿ ಬಿಬಿಸಿಯ ಭಾರತೀಯ ಕಂಪನಿಗೆ ₹3.44 ಕೋಟಿ ದಂಡ ವಿಧಿಸಿತು.

ಈ ಎರಡೂ ಬಾಗಿಲುಗಳಲ್ಲಿ ಓದುಗನಿಗೆ ಕಿಟಕಿ ಇಲ್ಲ. ಸುದ್ದಿಸಂಸ್ಥೆ ಸಚಿವಾಲಯಕ್ಕೆ ಲೆಕ್ಕ ಕೊಡುತ್ತದೆ, ಸಚಿವಾಲಯ ಇಟ್ಟುಕೊಳ್ಳುತ್ತದೆ. 2020ರ ನವೆಂಬರ್‌ನಲ್ಲಿ ಡಿಜಿಟಲ್ ಸುದ್ದಿತಾಣಗಳಿಂದ ಷೇರುದಾರರ, ನಿರ್ದೇಶಕರ ವಿವರ ತರಿಸಿಕೊಂಡ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಡತ ನಮ್ಮ ಕೈಗೆ ಎಟುಕುವುದಿಲ್ಲ. ಎಫ್‌ಸಿಆರ್‌ಎ ಜಾಲತಾಣದಲ್ಲಿ ಸಂಘಸಂಸ್ಥೆಗಳ ವಾರ್ಷಿಕ ಲೆಕ್ಕ ಯಾರು ಬೇಕಾದರೂ ನೋಡುವಂತಿತ್ತು. 2022ರ ಜುಲೈನಲ್ಲಿ ಗೃಹ ಸಚಿವಾಲಯ ಅದನ್ನೂ ತೆಗೆಯಿತು. ಮೂರು ತಿಂಗಳಿಗೊಮ್ಮೆ ದಾನಿಗಳ ವಿವರ ಪ್ರಕಟಿಸಬೇಕೆಂದಿದ್ದ ನಿಯಮವೂ ಅದೇ ತಿಂಗಳು ರದ್ದಾಯಿತು. ಹಾಗಾಗಿ ಯಾವುದೋ ಸುದ್ದಿಸಂಸ್ಥೆಗೆ ವಿದೇಶಿ ದುಡ್ಡು ಬಂದಿದೆ ಎಂಬುದು ಸಾಮಾನ್ಯ ಓದುಗನಿಗೆ ತಿಳಿಯುವುದು ಅದರ ಮೇಲೆ ದಾಳಿಯಾದ ದಿನ, ದಾಳಿ ಮಾಡಿದವರ ಬಾಯಿಂದ. ಬಂದ ದುಡ್ಡು ಕಾನೂನುಬದ್ಧವೋ ಅಲ್ಲವೋ ಎಂದು ತೂಗಿನೋಡಲು ಅವನ ಬಳಿ ಒಂದು ಕಾಗದವೂ ಇರುವುದಿಲ್ಲ.

ನಮ್ಮಲ್ಲೇ ಇದ್ದ ಒಳ್ಳೆಯ ನಿಯಮವೊಂದನ್ನು ಮುದ್ರಿತ ಪತ್ರಿಕೆ ಓದುವವರು ನೋಡಿಯೇ ಇರುತ್ತೀರಿ. ಮಾರ್ಚ್ ಮೊದಲ ದಿನಗಳಲ್ಲಿ ಒಳಪುಟದ ಮೂಲೆಯಲ್ಲಿ ‘ನಮೂನೆ 4’ ಎಂಬ ಚೌಕ. 1956ರ ಪತ್ರಿಕಾ ನೋಂದಣಿ ನಿಯಮಗಳ ಕೊಡುಗೆ ಅದು. ಫೆಬ್ರುವರಿ ಮುಗಿದ ನಂತರದ ಮೊದಲ ಸಂಚಿಕೆಯಲ್ಲಿ ಹಾಕಬೇಕಿತ್ತು. ಪ್ರಕಟಣೆಯ ಸ್ಥಳ, ಅವಧಿ. ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು, ವಿಳಾಸ. ಭಾರತದ ಪ್ರಜೆಯೇ, ವಿದೇಶಿಯಾದರೆ ಯಾವ ದೇಶ. ಆರನೆಯ ಸಾಲಿನಲ್ಲಿ ಒಡೆಯರು ಮತ್ತು ಬಂಡವಾಳದ ಶೇ 1ಕ್ಕಿಂತ ಹೆಚ್ಚು ಪಾಲು ಇರುವವರೆಲ್ಲರ ಹೆಸರು. ಕೆಳಗೆ ಪ್ರಕಾಶಕರ ಸಹಿ. ಐದಾರು ಇಂಚಿನ ಈ ಚೌಕ, ಐರೋಪ್ಯ ಒಕ್ಕೂಟ 2025ರಲ್ಲಿ ಜಾರಿಗೆ ತಂದದ್ದರ ಅರ್ಧದಷ್ಟನ್ನಾದರೂ ದಶಕಗಳ ಹಿಂದೆಯೇ ಮಾಡುತ್ತಿತ್ತು. ಸುದ್ದಿತಾಣಕ್ಕೂ ಯೂಟ್ಯೂಬ್ ವಾಹಿನಿಗೂ ಇಂಥದ್ದೊಂದು ಚೌಕದ ಕಡ್ಡಾಯ ಬರಲೇ ಇಲ್ಲ.

ಅಂಥ ನಿಯಮ ಬರುವವರೆಗೆ ಓದುಗ ಮಾಡಬಹುದಾದದ್ದು ಒಂದಿದೆ. ಸುದ್ದಿತಾಣದ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ ಕಂಪನಿಯ ಹೆಸರನ್ನು ಗುರುತು ಮಾಡಿಕೊಳ್ಳಿ. ಅದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ₹100 ಕಟ್ಟಿ ಅದರ ಸಾರ್ವಜನಿಕ ದಾಖಲೆ ನೋಡಬಹುದು. ‘ಎಂಜಿಟಿ-7’ ಎಂಬ ವಾರ್ಷಿಕ ವಿವರಣೆಯಲ್ಲಿ ಷೇರುದಾರರ ಮಾಹಿತಿ ಇರುತ್ತದೆ, ‘ಎಒಸಿ-4’ರಲ್ಲಿ ಹಣಕಾಸಿನ ಲೆಕ್ಕಪತ್ರ. ಷೇರುದಾರ ಇನ್ನೊಂದು ಕಂಪನಿಯಾಗಿದ್ದರೆ ಅದರ ದಾಖಲೆಗೂ ಹೋಗಬೇಕು. ಎರಡು ಮೂರು ಮೆಟ್ಟಿಲು ಇಳಿದರೆ ಸಾಮಾನ್ಯವಾಗಿ ಮನುಷ್ಯರ ಹೆಸರು ಸಿಗುತ್ತದೆ. ಟ್ರಸ್ಟ್ ಆಗಿದ್ದರೆ ಈ ದಾರಿ ಮುಚ್ಚಿದಂತೆ. ಆಗ ಅವರನ್ನೇ ಕೇಳಿ. ಚಂದಾ ಕಟ್ಟುವ ಮುಂಚೆ ಒಂದು ಸಾಲಿನ ಮೇಲ್ ಬರೆಯಿರಿ: ನಿಮಗೆ ದುಡ್ಡು ಕೊಡುವವರು ಯಾರು? ಉತ್ತರಿಸಲು ಹಿಂಜರಿಯುವವರಿಗೆ ಚಂದಾ ಕಟ್ಟಬೇಡಿ.